ಬಾಯಿ ಮುಚ್ಚಿದ ಕಾಡತೂಸು

"ಗುರುಗಳೇ, ತಿಳಿಯದು ಎಂದು ಒಪ್ಪಿಕೊಂಡರೆ ಕಲಿಸಿದವರಿಗೆ ನಮ್ಮ ಮೇಲಿನ ನಂಬಿಕೆ ಹೋಗುವುದಿಲ್ಲವೇ?"

ಕೇಳಿದವನು ಮರುಳಯ್ಯ. ಮಠದಲ್ಲಿ ಔಷಧಿಯ ಪೊಟ್ಟಣ ಕಟ್ಟಿಕೊಡಲು ಆಗಷ್ಟೇ ಕಲಿಯುತ್ತಿದ್ದ. ಅಂದು ಎಲೆಯ ಮುಂದೆ ಕೂತವನು ತುತ್ತು ಎತ್ತಿರಲಿಲ್ಲ. ಗುರುಗಳು ಅದನ್ನು ನೋಡಿಯೂ ನೋಡದವರಂತೆ ಕತೆ ಹೇಳಿದರು.

ಬಂದೂಕು ರಿಪೇರಿಯ ಕಮ್ಮಾರನೊಬ್ಬನಿದ್ದ. ಪಿಸ್ತೂಲಿನಲ್ಲಿ ಗುರಿ ಹೊಡೆಯುವುದರಲ್ಲಿ ಅವನ ಮಗಳು ಎತ್ತಿದ ಕೈ. ಕಮ್ಮಾರನಿಗೆ ವಯಸ್ಸಾಗಿ ಕೈ ನಡುಗತೊಡಗಿದ ಮೇಲೆ ಅವಳ ಕಾಡತೂಸು ತುಂಬುವ ಕೆಲಸ ಅಳಿಯನ ಪಾಲಿಗೆ ಬಂತು. ಪಾಪ, ಅಳಿಯ ಹೊಸಬ. ಹಾರಿಸಿ ಉಳಿದ ಹಿತ್ತಾಳೆ ಕೊಳವೆಗೆ ಅಳತೆಯಷ್ಟು ಸಿಡಿಮದ್ದು ಸುರಿದು ಮೇಲೆ ಗುಂಡು ಕೂರಿಸಬೇಕು. ಮದ್ದು ಬೀಳದಿದ್ದರೆ ಗುಂಡು ನಳಿಗೆಯಲ್ಲೇ ಸಿಕ್ಕಿಕೊಳ್ಳುತ್ತದೆ. ಎರಡು ಸಲ ಬಿದ್ದರೆ ಪಿಸ್ತೂಲು ಕೈಯಲ್ಲೇ ಸಿಡಿಯುತ್ತದೆ. ಅದಕ್ಕೇ ಆ ಮನೆಯಲ್ಲಿ ಒಂದು ಪದ್ಧತಿ. ಮದ್ದು ಬೀಳುವವರೆಗೆ ಕೊಳವೆ ಬೋರಲಾಗಿಯೇ ಇರಬೇಕು, ತುಂಬುವವನನ್ನು ಯಾರೂ ಮಾತಾಡಿಸಬಾರದು.

ಪಂದ್ಯದ ಬೆಳಿಗ್ಗೆ ಅಳಿಯ ತುಂಬುತ್ತಿದ್ದಾಗ ತೊಟ್ಟಿಲಲ್ಲಿ ಕೂಸು ಅತ್ತಿತು. ಕೂಸಿಗೆ ಪದ್ಧತಿ ಹೇಳಿಕೊಡುವವರು ಯಾರು? ಅವನು ಕೈಲಿದ್ದ ಕೊಳವೆಯನ್ನು ಹಾಗೇ ಬಾಯಿ ಮೇಲಾಗಿ ನಿಲ್ಲಿಸಿ ಓಡಿದ. ತೊಟ್ಟಿಲು ತೂಗಿ ಬಂದು ಕೆಲಸ ಮುಂದುವರಿಸಿದ. ಎಲ್ಲಕ್ಕೂ ಗುಂಡು ಕೂರಿಸಿದ ಮೇಲೆ ಆ ಕೊಳವೆ ನೆನಪಾಯಿತು. ಆ ಒಂದಕ್ಕೆ ಮದ್ದು ಸುರಿದಿದ್ದೆನೇ? ಸುರಿದದ್ದಕ್ಕೇ ಮತ್ತೆ ಸುರಿದೆನೇ? ಬಾಯಿ ಮುಚ್ಚಿದ ಮೇಲೆ ನೋಡಲು ಎಲ್ಲವೂ ಒಂದೇ. ಹೇಳಿದರೆ ಮಾವನ ಎದುರು ಮಾನ ಹೋಗುತ್ತದೆ. ಸುಮ್ಮನಿದ್ದರೆ ಹೋಗುವುದು ಹೆಂಡತಿಯ ಕೈ. ಹೆಂಡತಿಯೆಂದರೆ ಅವನಿಗೆ ಪ್ರಾಣ.

ಅವಳು ಕಾಡತೂಸಿನ ಡಬ್ಬಿ ಎತ್ತಿಕೊಂಡು ಹೊರಟಾಗ ಅವನು ಅಡ್ಡ ನಿಂತ. "ಮಾವ, ಇದರಲ್ಲಿ ಒಂದರ ಮೇಲೆ ನನಗೆ ಅನುಮಾನ. ಯಾವುದೆಂದು ತಿಳಿಯದು."

ಮುದುಕ ಕೂತು ಎಲ್ಲವನ್ನೂ ಒಂದೊಂದಾಗಿ ಬಿಚ್ಚಿಸಿದ. ಪಂದ್ಯದ ಹೊತ್ತು ಮೀರಿಹೋಯಿತು. ನೋಡಿದರೆ ಎಲ್ಲದರಲ್ಲೂ ಮದ್ದು ಸರಿಯಾಗಿಯೇ ಇತ್ತು. ಅಳಿಯನಿಗೆ ತಲೆ ಎತ್ತಲಾಗಲಿಲ್ಲ.

"ಅಳಿಯಂದಿರೇ, ಇನ್ನು ಮೇಲೆ ಅವಳ ಕಾಡತೂಸು ನೀವೇ ತುಂಬಿ," ಎಂದ ಮುದುಕ. "ನಾನು ಬಂದು ನೋಡುವುದಿಲ್ಲ."

ಕತೆ ಅಲ್ಲಿಗೆ ನಿಂತಿತು. ಗುರುಗಳು ಮೂಲೆಯಲ್ಲಿದ್ದ ಕೋಲು ತೆಗೆದುಕೊಂಡು ಎದ್ದರು.

"ನೀನು ಕಟ್ಟಿದ ಆ ಪೊಟ್ಟಣ ಯಾರ ಮನೆಗೆ ಹೋಗಿದೆ ಹೇಳಪ್ಪ, ಇಬ್ಬರೂ ಹೋಗಿ ತರೋಣ."