ಟಿಕೆಟ್ಟು ಪಾಸ್‌ಪೋರ್ಟಿನೊಳಗೆ ಕೂತದ್ದು

ಕಮರುನ್ನೀಸಾ ಅವರು ಮಗಳ ಚೊಚ್ಚಲ ಹೆರಿಗೆಗೆಂದು ಮಸ್ಕತ್ತಿಗೆ ಹೊರಟಿದ್ದರು. ಪಯಣಕ್ಕೆ ಎರಡು ದಿನವಿರುವಾಗ ಅವರ ಕೈಚೀಲದಲ್ಲಿ ವಿಮಾನದ ಟಿಕೆಟ್ಟು ಪಾಸ್‌ಪೋರ್ಟಿನ ಪಕ್ಕ ಬಂದು ಕೂತಿತು.

"ನನ್ನೊಳಗೆ ಕಮರುನ್ನೀಸಾ ಎಂದಿದೆ, ನಿನ್ನ ಮೇಲೆ ಕಮ್ರುಬಿ ಎಂದಿದೆಯಲ್ಲ!" ಎಂದಿತು ಪಾಸ್‌ಪೋರ್ಟು.

"ಮನೆಯವರೆಲ್ಲ ಕರೆಯುವುದು ಹಾಗೇ. ತಪ್ಪೇನು?"

"ಕರೆಯಲಿ. ಆದರೆ ನಮ್ಮಿಬ್ಬರಲ್ಲಿರುವ ಹೆಸರು ಒಂದೇ ಆಗದಿದ್ದರೆ ಅವರನ್ನು ವಿಮಾನ ಹತ್ತಲು ಬಿಡುವುದಿಲ್ಲ."

"ತಿದ್ದಿಸಿದರೆ ನನ್ನನ್ನು ಹರಿದು ಹೊಸ ಟಿಕೆಟ್ಟು ಕೊಡುತ್ತಾರೆ."

"ಹೌದು," ಎಂದಿತು ಪಾಸ್‌ಪೋರ್ಟು. ಅದಕ್ಕೆ ಸುಳ್ಳು ಹೇಳಲು ಬರುತ್ತಿರಲಿಲ್ಲ.

ಟಿಕೆಟ್ಟು ಪಾಸ್‌ಪೋರ್ಟಿನ ಹತ್ತಿರಕ್ಕೆ ಸರಿಯಿತು. ಆಮೇಲೆ, "ನಿಮ್ಮ ಹೆಸರಿನ ಪುಟ ತೆರೆಯಿರಿ, ನಾನು ಅಲ್ಲೇ ಕೂರುತ್ತೇನೆ," ಎಂದಿತು.

ಕಮರುನ್ನೀಸಾ ಪಾಸ್‌ಪೋರ್ಟು ಬಿಚ್ಚಿದಾಗ ಎರಡು ಹೆಸರೂ ಒಟ್ಟಿಗೆ ಕಣ್ಣಿಗೆ ಬಿದ್ದವು. ಆಗಲೇ ಟಿಕೆಟ್ ಕಚೇರಿಗೆ ಓಡಿದರು. ಮೂರನೆಯ ದಿನ ಅವರು ಮಗಳ ಹಾಸಿಗೆಯ ಪಕ್ಕದಲ್ಲಿದ್ದರು.