ಎಣ್ಣೆ ಕುಡಿದ ಬಿರುಕು

"ಗುರುಗಳೇ, ನನ್ನ ಕಿವಿಯಲ್ಲಿ ಹೊಸದೊಂದು ಶಬ್ದ ಬಂದಿದೆ. ಅದನ್ನು ಗಮನಿಸಿದರೆ ತಪ್ಪೇ?" ಎಂದು ಶಿಷ್ಯ ಕೇಳಿದ.

ಅವನ ಎರಡು ಕಿವಿಗಳಲ್ಲೂ ಆರು ವರ್ಷಗಳಿಂದ ಒಂದು ಮೊರೆತವಿತ್ತು. ಓದುವಾಗ ಇತ್ತು, ಉಣ್ಣುವಾಗ ಇತ್ತು, ಮೌನದಲ್ಲಿ ಇನ್ನೂ ಹೆಚ್ಚಾಗಿ ಇತ್ತು. ಮೊದಲ ವರ್ಷ ಅವನು ಕೊರಗಿ ಅರ್ಧ ದೇಹವಾಗಿದ್ದ. ಆಮೇಲೆ ಗುರುಗಳ ಮಾತಿನಂತೆ ಅದನ್ನು ಅದರ ಪಾಡಿಗೆ ಬಿಡುವುದನ್ನು ಕಲಿತ. ಈಗ ಆಶ್ರಮದಲ್ಲಿ ಸಹನೆಯ ಮಾತು ಬಂದರೆ ಎಲ್ಲರೂ ಅವನತ್ತ ಕೈ ತೋರಿಸುತ್ತಿದ್ದರು.

"ಬಂದು ಎಷ್ಟು ದಿನವಾಯಿತು?" ಎಂದರು ಗುರುಗಳು.

"ಒಂದು ತಿಂಗಳು. ಹಳೆಯದರಂತೆ ಇದಕ್ಕೂ ಸೊಪ್ಪು ಹಾಕಲಿಲ್ಲ. ಆದರೆ ನಿನ್ನೆಯಿಂದ ಯಾರಿಗಾದರೂ ಹೇಳಬೇಕು ಅನ್ನಿಸುತ್ತಿದೆ. ಆರು ವರ್ಷ ಕಟ್ಟಿದ್ದು ಸಡಿಲವಾಗುತ್ತಿದೆಯೋ ಎಂದು ಭಯ. ಕಿವಿಯ ಶಬ್ದಕ್ಕೆ ಕಿವಿ ಕೊಡಬೇಡ ಎಂದು ನೀವೇ ಹೇಳಿದ್ದಿರಿ."

"ಹೇಳಿದ್ದೆ. ಅರ್ಧ ಹೇಳಿದ್ದೆ. ಉಳಿದರ್ಧ ಈಗ ಕೇಳು," ಎಂದರು ಗುರುಗಳು.

ಒಂದು ಊರಿನಲ್ಲಿ ಒಬ್ಬ ಗಾಣಿಗನಿದ್ದ. ಅವನ ಗಾಣದಲ್ಲಿ ಒಂದು ಕಲ್ಲಿನ ಒರಳು, ಒರಳಿನಲ್ಲಿ ತಿರುಗುವ ಮರದ ಒನಕೆ, ಒನಕೆಗೆ ಬಿಗಿದ ತೊಲೆ, ತೊಲೆಯನ್ನು ಎಳೆಯಲು ಕಣ್ಣು ಕಟ್ಟಿದ ಒಂದು ಎತ್ತು. ತೊಲೆಯ ಮೇಲೆ ಭಾರಕ್ಕೆ ಕಲ್ಲು ಹೇರುತ್ತಿದ್ದರು. ಅದು ಸಾಲದಾಗ ಅವನ ಹೆಂಡತಿ ಹತ್ತಿ ಕೂರುತ್ತಿದ್ದಳು. ಅವನು ಒರಳಿನ ಮೇಲೆ ಬಗ್ಗಿ ಎಳ್ಳನ್ನು ಒಳಗೆ ತಳ್ಳುತ್ತಿದ್ದ. ಎಳ್ಳು ಎಣ್ಣೆ ಬಿಟ್ಟಿತೋ ಇಲ್ಲವೋ ಎಂದು ಅವನು ನೋಡಿ ಹೇಳುತ್ತಿರಲಿಲ್ಲ. ಗಾಣದ ದನಿ ಕೇಳಿ ಹೇಳುತ್ತಿದ್ದ. ಅಂಥ ಕಿವಿ.

ಇಪ್ಪತ್ತು ವರ್ಷ ಹೀಗೆ ಕಳೆಯಿತು. ಒಂದು ಬೆಳಿಗ್ಗೆ ಗಾಣ ನಿಂತಿತು, ಶಬ್ದ ನಿಲ್ಲಲಿಲ್ಲ.

ಅವನು ಗಾಣವನ್ನು ಬಿಚ್ಚಿದ, ಜೋಡಿಸಿದ, ಮತ್ತೆ ಬಿಚ್ಚಿದ. ಸುತ್ತು ಸುತ್ತಿಗೂ ಎತ್ತನ್ನು ನಿಲ್ಲಿಸಿ ಆಲಿಸಿದ. ಎಣ್ಣೆಗೆ ಬಂದವರು ಕಾದು ಬೇಸತ್ತರು. "ಊರಿಗೆಲ್ಲ ಎಣ್ಣೆ ಕೊಡುವವನಿಗೆ ತನ್ನ ಕಿವಿಗೆ ಎರಡು ತೊಟ್ಟು ಬಿಟ್ಟುಕೊಳ್ಳಲು ಜಿಪುಣತನವೇ?" ಎಂದು ನಕ್ಕರು. ಅದನ್ನೂ ಅವನು ಮಾಡಿ ನೋಡಿದ್ದ.

ಕೊನೆಗೆ ಅವನು ಒಬ್ಬ ವೈದ್ಯರ ಬಳಿ ಹೋದ. ಅವರು ಕಿವಿಯೊಳಗೆ ನೋಡಿದರು, ಬಹಳ ಹೊತ್ತು ವಿಚಾರಿಸಿದರು, ಆಮೇಲೆ ಹೇಳಿದರು: "ಇದು ಹೋಗುವುದಿಲ್ಲ. ಹೋಗಲೇಬೇಕು ಎಂಬ ಹಟ ಹೋದರೆ ಅರ್ಧ ಹೋದಂತೆ."

ಗಾಣಿಗ ಹಟ ಬಿಟ್ಟ. ಬಿಡಲು ಎರಡು ವರ್ಷ ಹಿಡಿಯಿತು. ಮಳೆ ಬಂದರೆ ಯಾರೂ ಮುಗಿಲಿನ ಜೊತೆ ಜಗಳವಾಡುವುದಿಲ್ಲವಲ್ಲ, ಹಾಗೆ ಇರಲು ಕಲಿತ. ಇದು ಸಣ್ಣ ಕೆಲಸವಲ್ಲ. ಇದನ್ನು ಸಣ್ಣದೆನ್ನುವವನು ಒಂದು ದಿನವೂ ಅದನ್ನು ಹೊತ್ತವನಲ್ಲ.

ಆದರೆ ಅವನು ಅಲ್ಲಿಗೆ ನಿಲ್ಲಲಿಲ್ಲ. ಒಂದು ನಿಯಮ ಮಾಡಿಕೊಂಡ. ಇನ್ನು ಮೇಲೆ ಯಾವ ಶಬ್ದಕ್ಕೂ ಎತ್ತನ್ನು ನಿಲ್ಲಿಸಬಾರದು. ಕಿವಿಯ ಸುದ್ದಿಯನ್ನು ಮನೆಯಲ್ಲಿ ಯಾರೂ ಎತ್ತಬಾರದು. ನಿಯಮ ಅವನಿಗೆ ಹಿಡಿಸಿತು. ನಿಯಮ ಇರುವವನಿಗೆ ದಿನವೂ ಯೋಚಿಸುವ ಕಷ್ಟವಿಲ್ಲ.

ಹಲವು ವರ್ಷಗಳಾದ ಮೇಲೆ ಒಂದು ದಿನ, ಹಳೆಯ ಮೊರೆತದ ಅಡಿಯಲ್ಲಿ, ಅವನಿಗೆ ಬೇರೊಂದು ಶಬ್ದ ಕೇಳಿಸಿತು. ಒಣಗಿದ ಎಲೆಯನ್ನು ಉಗುರಿನಿಂದ ಗೀರಿದಂತೆ, ಬಹಳ ಸಣ್ಣದು. ಒರಳಿನ ಮೇಲೆ ಬಗ್ಗಿದವನಿಗಲ್ಲದೆ ಬೇರೆ ಯಾರಿಗೂ ಕೇಳಿಸುವಂತಿರಲಿಲ್ಲ. ಎತ್ತು ಒಂದು ಸುತ್ತು ಬಂದಾಗ ಒಮ್ಮೆ, ಇನ್ನೊಂದು ಸುತ್ತು ಬಂದಾಗ ಇನ್ನೊಮ್ಮೆ. ಅದಕ್ಕೆ ಎತ್ತಿನ ಹೆಜ್ಜೆಯ ಲೆಕ್ಕವಿತ್ತು. ಆದರೆ ಅಷ್ಟನ್ನು ಗಮನಿಸಲೂ ಅವನು ಒಪ್ಪಲಿಲ್ಲ. "ಇದೂ ಆ ಹಳೆಯ ಮೊರೆತದ ಮನೆಯದೇ," ಎಂದುಕೊಂಡು ಎಳ್ಳು ತಳ್ಳಿದ.

ನಾಲ್ಕನೆಯ ದಿನ ತೊಲೆಯ ಮೇಲೆ ಕುಳಿತಿದ್ದ ಹೆಂಡತಿ ಕೇಳಿದಳು: "ಯಾಕೆ ಕತ್ತು ಹಾಗೆ ವಾಲಿಸುತ್ತೀರಿ? ಏನಾದರೂ ಕೇಳಿಸುತ್ತಿದೆಯೇ?"

"ಏನಿಲ್ಲ. ಕಿವಿಯದು."

"ಹಳೆಯದೋ, ಹೊಸದೋ?"

"ಕಿವಿಯ ಶಬ್ದಕ್ಕೆ ಹಳೆಯದೇನು, ಹೊಸದೇನು? ನಮ್ಮ ಮನೆಯಲ್ಲಿ ಆ ಮಾತು ಇಲ್ಲ ಎಂದಿದ್ದೆನಲ್ಲ."

"ಹೌದು ಮಹಾರಾಯರೇ, ಮರೆತಿದ್ದೆ," ಎಂದು ಅವಳು ಎತ್ತಿನ ಕಡೆ ತಿರುಗಿದಳು. ಮತ್ತೆ ಕೇಳಲಿಲ್ಲ.

ಹತ್ತು ದಿನ ಆ ಶಬ್ದವಿತ್ತು. ಹನ್ನೊಂದನೆಯ ದಿನ ಬೆಳಿಗ್ಗೆ ಅದು ಇರಲಿಲ್ಲ. ಗಾಣಿಗ ಒಳಗೊಳಗೇ ಹಿಗ್ಗಿದ. ಹಳೆಯದನ್ನು ಎರಡು ವರ್ಷಕ್ಕೆ ಗೆದ್ದೆ, ಇದನ್ನು ಹತ್ತೇ ದಿನಕ್ಕೆ ಗೆದ್ದೆ, ಎಂದುಕೊಂಡ. ಅಂದು ಮದುವೆ ಮನೆಯವರ ಎಳ್ಳು ಬಂದಿತ್ತು. ಹೆಂಡತಿಯನ್ನು ತೊಲೆಯ ಮೇಲೆ ಕೂರಿಸಿ, ಇನ್ನೂ ಎರಡು ಕಲ್ಲು ಹೇರಿದ.

ಮಧ್ಯಾಹ್ನದ ಹೊತ್ತಿಗೆ ಒನಕೆ ಮುರಿಯಿತು. ತೊಲೆ ಅವಳನ್ನು ಕೆಡವಿಕೊಂಡು ಬಿತ್ತು. ಕಣ್ಣು ಕಟ್ಟಿದ ಎತ್ತಿಗೆ ಏನೂ ತಿಳಿಯಲಿಲ್ಲ. ಅದು ಇನ್ನೂ ನಾಲ್ಕು ಹೆಜ್ಜೆ ನಡೆಯಿತು.

ಅವಳ ಜೀವ ಉಳಿಯಿತು. ಎರಡೂ ಕಾಲು ಹೋದವು.

ಹೊಸ ಒನಕೆ ಮಾಡಲು ಬಂದ ಬಡಗಿ ಮುರಿದ ಮರವನ್ನು ಎತ್ತಿ ನೋಡಿದ. ಮುರಿದ ಜಾಗದ ಒಂದು ಭಾಗ ಹೊಸದಾಗಿ ಬೆಳ್ಳಗಿತ್ತು. ಉಳಿದದ್ದು ಕಪ್ಪಗಿತ್ತು.

"ಇಲ್ಲಿ ನೋಡಪ್ಪ," ಎಂದ ಬಡಗಿ. "ಇದು ಅಂದು ಒಂದೇ ಏಟಿಗೆ ಮುರಿದದ್ದಲ್ಲ. ಮೊದಲೇ ಸೀಳಿದೆ. ಒಣ ಬಿರುಕು ಸುಮ್ಮನಿರುವುದಿಲ್ಲ, ಸುತ್ತು ಸುತ್ತಿಗೂ ಕೂಗುತ್ತದೆ. ಆಮೇಲೆ ಎಣ್ಣೆ ಒಳಗೆ ಇಳಿದಿದೆ, ನೋಡು, ಎಷ್ಟು ಕುಡಿದಿದೆ. ಎಣ್ಣೆ ಇಳಿದ ಮೇಲೆ ಕೂಗುವುದಿಲ್ಲ. ನಿನ್ನ ಕಿವಿಗೆ ಬೀಳಲಿಲ್ಲವೇ?"

ಸಂಜೆ ಗಾಣಿಗ ಹೆಂಡತಿಯ ಪಕ್ಕದಲ್ಲಿ ಕುಳಿತು, "ನನಗೆ ಕೇಳಿಸಿತ್ತು. ಹತ್ತು ದಿನವೂ ಕೇಳಿಸಿತ್ತು," ಎಂದ.

ಅವಳು ಬೈಯಲಿಲ್ಲ.

"ನನಗೊಂದು ಮಾತು ಹೇಳಬಾರದಿತ್ತೇ?" ಎಂದಳು. "ನನ್ನ ಕಿವಿ ಚೆನ್ನಾಗಿತ್ತು. ಇಳಿದು ಬಂದು ಆಲಿಸುತ್ತಿದ್ದೆ. ಆಗ ನಾನು ಇಳಿಯಬಲ್ಲವಳಾಗಿದ್ದೆ."

ಆ ಗಾಣಿಗ ಆಮೇಲೂ ಬಹಳ ವರ್ಷ ಗಾಣ ಆಡಿಸಿದ. ಹಳೆಯ ಮೊರೆತ ಅವನನ್ನು ಬಿಡಲಿಲ್ಲ. ಅವನೂ ಅದರೊಡನೆ ಮತ್ತೆ ಜಗಳಕ್ಕೆ ಹೋಗಲಿಲ್ಲ. ಆದರೆ ಪ್ರತಿ ಬೆಳಿಗ್ಗೆ ಎತ್ತು ಒಂದು ಸುತ್ತು ಬರುವವರೆಗೆ ಆಲಿಸಿ, ಅದನ್ನು ನಿಲ್ಲಿಸಿ ಮತ್ತೊಮ್ಮೆ ಆಲಿಸುತ್ತಿದ್ದ. ಇದು ಹಳೆಯದು, ಇರಲಿ. ಬೇರೆ ಏನಾದರೂ ಇದೆಯೇ? ಇಲ್ಲದಿದ್ದರೆ ಎತ್ತನ್ನು ಮುಂದಕ್ಕೆ ಬಿಡುತ್ತಿದ್ದ. ಇದ್ದರೆ ಒಳಗೆ ಹೋಗಿ, ಅದು ಹೇಗಿದೆ, ಎಲ್ಲಿದೆ, ಯಾವಾಗ ಬರುತ್ತದೆ ಎಂದು ಹೆಂಡತಿಗೆ ಹೇಳುತ್ತಿದ್ದ. ಅವಳು ಮಲಗಿದ್ದಲ್ಲಿಂದಲೇ ಕೇಳಿಸಿಕೊಂಡು, ಇದಕ್ಕೆ ಬಡಗಿಯನ್ನು ಕರೆಸಿ, ಇದಕ್ಕೆ ವೈದ್ಯರ ಬಳಿ ಹೋಗಿ ಬನ್ನಿ, ಎನ್ನುತ್ತಿದ್ದಳು.

ಇಷ್ಟು ಹೇಳಿ ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ತಲೆ ತಗ್ಗಿಸಿ ಕೈ ಮುಗಿದ. "ಅರ್ಥವಾಯಿತು, ಗುರುಗಳೇ. ಹಳೆಯದನ್ನು ಸಹಿಸುವುದು ಬೇರೆ, ಹೊಸದನ್ನು ಕೇಳದಿರುವುದು ಬೇರೆ. ನಾನು ಎರಡನ್ನೂ ಒಂದೇ ಮಾಡಿಕೊಂಡಿದ್ದೆ."

"ಅರ್ಥವಾಯಿತೇ?"

"ಪೂರ್ತಿಯಾಗಿ."

"ಹಾಗಾದರೆ ಹೇಳು," ಎಂದರು ಗುರುಗಳು. "ತಿಂಗಳಿಂದ ನಿನ್ನ ಕಿವಿಯಲ್ಲಿರುವ ಆ ಹೊಸ ಶಬ್ದ ಹೇಗಿದೆ?"

ಶಿಷ್ಯ ಬಾಯಿ ತೆರೆದ. ಒಮ್ಮೆಯೂ ಅದನ್ನು ಆಲಿಸದವನಿಗೆ ಹೇಳಲು ಏನೂ ತಿಳಿದಿರಲಿಲ್ಲ.