ಅಳಿವೆಯ ಗುರಿಕಾರ ‘ನೋಡುವ’ ಎಂದದ್ದು

ಶಿಷ್ಯನೊಬ್ಬ ಕೇಳಿದ: “ಗುರುಗಳೇ, ಬಾಗಿಲಿಗೆ ಬಂದವರು ಕೆಲವೊಮ್ಮೆ ಕೊಡಲಾಗದ್ದನ್ನು ಕೇಳುತ್ತಾರೆ. ಮುಖಕ್ಕೆ ಹೊಡೆದಂತೆ ‘ಇಲ್ಲ’ ಎನ್ನಲು ನನಗೆ ನಾಲಿಗೆ ಏಳುವುದಿಲ್ಲ. ‘ನೋಡೋಣ’ ಎಂದು ಕಳಿಸಿಬಿಡುತ್ತೇನೆ. ಅದು ತಪ್ಪೇ?”

ಗುರುಗಳು ಹೇಳಿದರು:

ಇದಕ್ಕೊಂದು ಕತೆಯಿದೆ. ಒಂದಕ್ಷರ ಸುಳ್ಳಿಲ್ಲ. ಬೇಕಾದರೆ ಆ ಒಲೆಯ ಕೆಂಡ ಮುಟ್ಟಿ ಆಣೆ ಮಾಡುತ್ತೇನೆ, ಸ್ವಲ್ಪ ಆರಲಿ ಅಷ್ಟೆ. ನನ್ನ ತಾಯಿಯ ಕಡೆಯ ಏಳನೆಯ ಅಜ್ಜ ಇದನ್ನೆಲ್ಲ ಕಣ್ಣಾರೆ ಕಂಡವನು. ಅವನ ಕಣ್ಣು ಎಷ್ಟು ಚುರುಕೆಂದರೆ, ಹಡಗು ಕಾಣಿಸುವ ಎರಡು ದಿನ ಮೊದಲೇ ಅದರ ಹಾಯಿಗೆ ಎಷ್ಟು ತೇಪೆ ಹಾಕಿದ್ದಾರೆಂದು ಹೇಳುತ್ತಿದ್ದ. ಆದ್ದರಿಂದ ಸಂಶಯ ಬೇಡ.

ಹೊಳೆಯೊಂದು ಕಡಲು ಸೇರುವ ಅಳಿವೆ. ದಡದುದ್ದಕ್ಕೂ ಕರಿಕಲ್ಲು. ನಡುವೆ ಒಂದೇ ಕಡೆ ಮರಳು, ಸುಮಾರು ಸಾವಿರ ಹೆಜ್ಜೆ. ಮಳೆಗಾಲ ಮುಗಿದು ಬಂಗುಡೆ ಮೀನು ದಡದ ಕಡೆ ಬಂದಾಗ ಊರಿಗೆ ಊರೇ ಆ ಮರಳಿನಲ್ಲಿ ಸೇರುತ್ತಿತ್ತು. ದೊಡ್ಡ ಬಲೆಯ ಒಂದು ತುದಿಗೆ ನೂರು ಜನ, ಇನ್ನೊಂದು ತುದಿಗೆ ನೂರು ಜನ ನಿಂತು ದಡಕ್ಕೆ ಎಳೆಯುತ್ತಿದ್ದರು. ಆ ಮೀನಿನಲ್ಲೇ ಊರಿನ ವರ್ಷದ ಊಟ. ಬಂಗುಡೆ ಎಷ್ಟು ಬರುತ್ತಿತ್ತೆಂದರೆ, ದಡಕ್ಕೆ ಬರಲು ಜಾಗವಿಲ್ಲದೆ ಅಲೆಗಳು ಸರದಿಯಲ್ಲಿ ನಿಂತು ಕಾಯುತ್ತಿದ್ದವು. ಕಲ್ಲಿನ ಮೇಲೆ ಎಳೆದರೆ ಬಲೆ ಹರಿಯುತ್ತದೆ. ಹಾಗಾಗಿ ಆ ಮರಳು ಹೋದರೆ ಊರು ಹೋದಂತೆ.

ಅಲ್ಲಿಯ ಮೀನುಗಾರರಿಗೊಬ್ಬ ಹಿರಿಯನಿದ್ದ. ಅವನನ್ನು ಗುರಿಕಾರ ಎನ್ನುತ್ತಿದ್ದರು. ಬಲೆ ಯಾವಾಗ ಬಿಡಬೇಕು, ಯಾವ ಜಗಳದಲ್ಲಿ ಯಾರದು ಸರಿ, ಎಲ್ಲ ಅವನ ಮಾತಿನಂತೆ. ಒಳ್ಳೆಯವನು. ಮನೆಗೆ ಬಂದವರಿಗೆ ನೀರು ಬೆಲ್ಲ ಕೊಟ್ಟ ಮೇಲೆ ‘ಇಲ್ಲ’ ಎನ್ನಬಾರದೆಂದು ಅವನ ಅಪ್ಪ ಕಲಿಸಿದ್ದ. ಕೊಡಲಾಗದ್ದನ್ನು ಯಾರಾದರೂ ಕೇಳಿದರೆ ಅವನು ‘ನೋಡುವ’ ಎನ್ನುತ್ತಿದ್ದ. ಕೇಳಿದವನು ಅಂಗಳ ದಾಟುವಷ್ಟರಲ್ಲಿ ವಿಷಯ ತಿಳಿದುಕೊಳ್ಳುತ್ತಿದ್ದ. ಇಬ್ಬರ ಮಾನವೂ ಉಳಿಯುತ್ತಿತ್ತು.

ಒಂದು ದಿನ ಪರದೇಶದ ಹಡಗು ಬಂತು. ಅದಕ್ಕೆ ದಾರಿ ತೋರಿಸಿದ್ದು ನಕ್ಷೆಯಲ್ಲ. ಘಟ್ಟದ ಕರಿಮೆಣಸಿನ ಘಾಟಿಗೆ ಹದಿನೆಂಟು ಹರದಾರಿ ದೂರದಲ್ಲೇ ಹಡಗಿನವರೆಲ್ಲ ಸೀನತೊಡಗಿದರು. ಸೀನು ಹೆಚ್ಚಾದ ಕಡೆಗೆ ಚುಕ್ಕಾಣಿ ತಿರುಗಿಸಿದರು. ಹೀಗೆ ಬಂದು ನಮ್ಮ ಅಳಿವೆಯಲ್ಲೇ ಲಂಗರು ಹಾಕಿದರು.

ಹಡಗಿನ ಕಪ್ತಾನ ಒಬ್ಬ ದುಭಾಷಿಯನ್ನು ಕರೆದುಕೊಂಡು ಗುರಿಕಾರನ ಮನೆಗೆ ಬಂದ. ಆ ದುಭಾಷಿಗೆ ಐದು ಭಾಷೆ ಬರುತ್ತಿತ್ತು, ಆದರೆ ಒಂದೊಂದೂ ಅರ್ಧರ್ಧ. ಕೂಡಿಸಿದರೆ ಎರಡೂವರೆ.

ನೀರು ಬೆಲ್ಲ ಆಯಿತು. ದುಭಾಷಿ ಹೇಳಿದ: “ಗುರಿಕಾರರೇ, ಮೆಣಸು ಕೊಂಡಿದ್ದೇವೆ. ಹಡಗಿಗೆ ತುಂಬುವವರೆಗೆ ನಿಮ್ಮ ಮರಳಿನ ಮೇಲೆ ಒಂದು ಚಪ್ಪರ ಹಾಕಿಕೊಳ್ಳಬಹುದೇ ಎಂದು ಸಾಹೇಬರು ಕೇಳುತ್ತಾರೆ.”

“ನೋಡುವ” ಎಂದ ಗುರಿಕಾರ.

ದುಭಾಷಿ ಕಪ್ತಾನನ ಕಡೆ ತಿರುಗಿ, ‘ಜಾಗ ನೋಡೋಣ ಬನ್ನಿ ಎನ್ನುತ್ತಿದ್ದಾರೆ’ ಎಂದ. ಕಪ್ತಾನ ಎದ್ದು ಟೋಪಿ ಹಾಕಿಕೊಂಡು ಮರಳಿನ ಕಡೆ ಹೊರಟೇಬಿಟ್ಟ. ಮನೆಗೆ ಬಂದವನನ್ನು ಬಿಸಿಲಲ್ಲಿ ಒಂಟಿಯಾಗಿ ಕಳಿಸುವುದು ಹೇಗೆ? ಗುರಿಕಾರ ಓಲೆಯ ಕೊಡೆ ಹಿಡಿದು ಹಿಂದೆಯೇ ಹೋದ. ಕಪ್ತಾನ ಕೋಲಿನಿಂದ ಗೆರೆ ಎಳೆಯುವಾಗ ಅವನ ನೆತ್ತಿಗೆ ನೆರಳಾಗಿ ನಿಂತದ್ದು ಅದೇ ಕೊಡೆ.

ಮೆಣಸು ತುಂಬಿ ಹಡಗು ಹೊರಡುವ ದಿನ ಕಪ್ತಾನ ಮತ್ತೆ ಮನೆಗೆ ಬಂದು, ಕಲಿತ ಒಂದೇ ಒಂದು ಕನ್ನಡ ಮಾತನ್ನು ಹೇಳಿದ: “ಬರುತ್ತೇನೆ.” ನಮ್ಮಲ್ಲಿ ಹಾಗೆಂದರೆ ಹೋಗುತ್ತೇನೆ ಎಂದರ್ಥ. ಗುರಿಕಾರ ನಿಶ್ಚಿಂತನಾದ.

ಮರುವರ್ಷ ಅವನು ಬಂದ. ಮೂರು ಹಡಗು ತಂದ.

ಈ ಸಲ ಚಪ್ಪರ ಸಾಲದು, ಕೆಂಪುಕಲ್ಲಿನ ಉಗ್ರಾಣ ಬೇಕೆಂದ. ಗುರಿಕಾರ, “ಮಳೆ ಕಳೆಯಲಿ, ನೋಡುವ” ಎಂದ. ಮಳೆ ಕಳೆದ ಮಾರನೆಯ ದಿನ ಕಲ್ಲು ಇಳಿಯಿತು. ಆಮೇಲೆ ದನ ನುಗ್ಗದಂತೆ ಸುತ್ತ ಗೋಡೆ ಬೇಕೆಂದ. ಇಷ್ಟರಲ್ಲಿ ಗುರಿಕಾರನಿಗೂ ಕಸಿವಿಸಿಯಾಗಿತ್ತು. ಅವನು ತನ್ನಲ್ಲಿದ್ದ ಅತಿ ಕಠಿಣವಾದ ಮಾತನ್ನೇ ತೆಗೆದ: “ಊರವರನ್ನು ಕೇಳಿ ಹೇಳುತ್ತೇನೆ.” ಈ ಮಾತು ಕೇಳಿದ ಮೇಲೆ ಹೆಣ್ಣು ಕೇಳಲು ಬಂದವರೂ ತಿರುಗಿ ನೋಡದೆ ಹೋಗುತ್ತಾರೆ. ದುಭಾಷಿ ಮಾತ್ರ, ‘ಊರವರಿಗೆ ತಾವೇ ತಿಳಿಸುತ್ತಾರಂತೆ’ ಎಂದ. ಗೋಡೆ ಎದ್ದಿತು. ಗೋಡೆಯ ಮೇಲೆ ಎರಡು ತೋಪು ಕೂತವು. ದನಕ್ಕೆ ತೋಪು ಯಾಕೆಂದು ಯಾರೂ ಕೇಳಲಿಲ್ಲ.

ಗುರಿಕಾರನ ಹೆಂಡತಿ ಕೇಳಿದಳು: “ಅಲ್ಲ ಮಾರಾಯ್ರೆ, ‘ಇಲ್ಲ’ ಎನ್ನಲಿಕ್ಕೆ ನಿಮಗೆ ಹಲ್ಲು ನೋವೇ?”

“ಮನೆಗೆ ಬಂದವನು. ಅವನಿಗೇ ತಿಳಿಯಬೇಕು.”

“ತಿಳಿಯುವಷ್ಟರಲ್ಲಿ ಬಲೆಯನ್ನು ನಮ್ಮ ಅಡುಗೆಮನೆಯಲ್ಲಿ ಎಳೆಯಬೇಕಾದೀತು.”

ಮೂರನೆಯ ವರ್ಷ ಮರಳಿನಿಂದ ನೀರಿನೊಳಕ್ಕೆ ಸಾಲಾಗಿ ಮರದ ಕಂಬಗಳನ್ನು ನೆಟ್ಟು ಧಕ್ಕೆ ಕಟ್ಟಿದರು. ಉಗ್ರಾಣದ ಮಾಲು ನೇರ ದೋಣಿಗೆ ಇಳಿದು ಹಡಗಿಗೆ ಹೋಗಬೇಕಿತ್ತು. ಆ ವರ್ಷವೂ ಬಂಗುಡೆ ಬಂತು. ಊರು ಬಲೆ ಬಿಟ್ಟಿತು. ನೂರು ಜನ ಈ ಕಡೆ, ನೂರು ಜನ ಆ ಕಡೆ ಎಳೆದರು. ಬಲೆ ಕಂಬಗಳಿಗೆ ಸಿಕ್ಕಿ ನಡುವೆ ಸೀಳಿತು. ಮೀನು ಹೋಯಿತು.

ಗುರಿಕಾರ ನೇರ, ಉಗ್ರಾಣದ ಪಕ್ಕದಲ್ಲಿ ಕಪ್ತಾನ ಕಟ್ಟಿಕೊಂಡಿದ್ದ ಮನೆಗೆ ನಡೆದ. ಕಪ್ತಾನ ಜಗಲಿಯಲ್ಲಿ ಕುರ್ಚಿ ಹಾಕಿ ಕೂತಿದ್ದ. ಇವನಿಗೂ ಕುರ್ಚಿ ಕೊಡಿಸಿದ, ಕುಡಿಯಲು ನೀರು ಕೊಡಿಸಿದ. ದುಭಾಷಿ ಚಳಿಜ್ವರ ಹಿಡಿದು ಮಲಗಿದ್ದ. ಗುರಿಕಾರ ಜೀವನದಲ್ಲಿ ಮೊದಲ ಸಲ ಸುತ್ತುಬಳಸು ಇಲ್ಲದೆ ಮಾತಾಡಿದ:

“ಆ ಕಂಬಗಳನ್ನು ಕೀಳಿಸಿ. ಬಲೆಗೆ ನಮಗೆ ಬೇರೆ ಜಾಗವಿಲ್ಲ. ಊರು ಉಪವಾಸ ಬೀಳುತ್ತದೆ.”

ಕಪ್ತಾನ ಪೂರ್ತಿ ಕೇಳಿಸಿಕೊಂಡ. ತಲೆಯಾಡಿಸಿದ. ನಕ್ಕು, ಅಚ್ಚ ಕನ್ನಡದಲ್ಲಿ ಹೇಳಿದ:

“ನೋಡುವ.”

ಗುರಿಕಾರ ಎದ್ದು ಮನೆಗೆ ಬಂದ. ಹೆಂಡತಿ ಬಾಗಿಲಲ್ಲೇ ನಿಂತು, “ಏನೆಂದ?” ಎಂದು ಕೇಳಿದಳು.

“ಇಲ್ಲ ಎಂದ.”

ಆಮೇಲಿನದು ಎಲ್ಲ ಬಂದರುಗಳ ಕತೆಯೇ. ಮೆಣಸಿನ ಹಿಂದೆ ಅಕ್ಕಿ ಬಂತು, ಅಕ್ಕಿಯ ಹಿಂದೆ ಏಲಕ್ಕಿ, ಗಂಧದ ತುಂಡು. ಮಾಲಿನ ಹಿಂದೆ ಜನ ಬಂದರು. ಘಟ್ಟದ ಮೇಲಿನಿಂದ ಎತ್ತಿನ ಹೇರಿನವರು, ಬಡಗಣ ಕರಾವಳಿಯಿಂದ ಸಗಟು ವ್ಯಾಪಾರಿಗಳು, ಪೀಪಾಯಿ ಮಾಡುವ ಬಡಗಿಗಳು, ಹಾಯಿ ಹೊಲಿಯುವವರು, ಅರ್ಜಿ ಬರೆದುಕೊಡುವವರು. ಒಂದು ಬೀದಿ ಮೂರಾಯಿತು, ಮೂರು ಹತ್ತಾಯಿತು. ಸುಂಕದ ಕಟ್ಟೆ ಬಂತು, ದೀಪದ ಗೋಪುರ ಬಂತು. ಗೋಪುರದ ದೀಪ ಎಷ್ಟು ಪ್ರಖರವೆಂದರೆ, ಅದು ಹೊತ್ತಿದ ಮೇಲೆ ಆ ಊರಿನ ಕೋಳಿಗಳು ಮಲಗುವುದನ್ನೇ ಬಿಟ್ಟವು.

ಮೀನುಗಾರರು ಕಲ್ಲುಗಳ ಆಚೆ ಗುಡಿಸಲು ಹಾಕಿಕೊಂಡರು. ಅಲ್ಲಿ ಬಲೆ ಎಳೆಯಲು ಆಗುವುದಿಲ್ಲ. ಗಂಡಸರು ಧಕ್ಕೆಯಿಂದ ಹಡಗಿಗೆ ಮೂಟೆ ಸಾಗಿಸುವ ದೋಣಿಗಳಲ್ಲಿ ಹುಟ್ಟು ಹಾಕಿದರು. ಹೆಂಗಸರು ಉಗ್ರಾಣದಲ್ಲಿ ಮೆಣಸು ಕೇರಿದರು. ಇನ್ನೂರು ಜನ ಎಳೆಯುತ್ತಿದ್ದ ಬಲೆಯನ್ನು ತುಂಡು ಮಾಡಿ ಮೂಟೆ ಎತ್ತುವ ಜಾಲರಿ ಮಾಡಿಕೊಂಡರು.

ಗುರಿಕಾರ ಕೊನೆಯವರೆಗೂ ಬಂದವರಿಗೆ ನೀರು ಬೆಲ್ಲ ಕೊಟ್ಟ. ಆದರೆ ಅವನ ಬಳಿ ಕೇಳುವಂಥದ್ದು ಏನೂ ಉಳಿದಿರಲಿಲ್ಲವಾದ್ದರಿಂದ, ‘ನೋಡುವ’ ಎನ್ನುವ ಪ್ರಸಂಗ ಮತ್ತೆ ಬರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ನಗುತ್ತಿದ್ದ. “ಅರ್ಥವಾಯಿತು ಗುರುಗಳೇ. ಗುರಿಕಾರನ ಮಾತಿನಲ್ಲಿ ತಪ್ಪಿರಲಿಲ್ಲ. ಆ ಎರಡೂವರೆ ಭಾಷೆಯ ದುಭಾಷಿ ಒಂದು ಊರನ್ನೇ ಮುಳುಗಿಸಿಬಿಟ್ಟ. ನನ್ನ ಬಾಗಿಲಿಗೆ ಬರುವವರಿಗೆಲ್ಲ ಕನ್ನಡ ಚೆನ್ನಾಗಿ ಬರುತ್ತದೆ. ನನಗೆ ಆ ಭಯವಿಲ್ಲ.”

“ಹೌದಪ್ಪ,” ಎಂದರು ಗುರುಗಳು. “ಕತೆಯೆಲ್ಲ ನಿಜ. ಹಡಗಿನವರು ಸೀನಿದ್ದು ನಿಜ, ಅಲೆಗಳು ಸರದಿಯಲ್ಲಿ ನಿಂತದ್ದು ನಿಜ, ಕೋಳಿಗಳದ್ದಂತೂ ನೂರಕ್ಕೆ ನೂರು ನಿಜ. ಒಂದೇ ಒಂದು ಸಣ್ಣ ಸಂಗತಿ ನಾನು ಕಟ್ಟಿ ಹೇಳಿದ್ದು.”

“ಯಾವುದು ಗುರುಗಳೇ?”

“ದುಭಾಷಿಯ ತಪ್ಪು. ನಿಜಕ್ಕೂ ಅವನು ಮೂರು ಸಲವೂ ಕಪ್ತಾನನಿಗೆ ಸರಿಯಾಗಿಯೇ ಹೇಳಿದ್ದ: ‘ಇಲ್ಲ ಎನ್ನುತ್ತಿದ್ದಾರೆ.’”